ಸ್ವಗೃಹದಲ್ಲಿ ಬೆಂದ ಸೊಪ್ಪು

ಮಹಾಭಾರತದ ವನಪರ್ವದ ಕೊನೆಯಲ್ಲಿ ಬರುವ ಯಕ್ಷಪ್ರಶ್ನೆಯ ಪ್ರಸಂಗವನ್ನು ಅರಿಯದ ಆಸ್ತಿಕರು ವಿರಳ. ಸರೋವರದ ದಡದಲ್ಲಿ ನಾಲ್ವರು ತಮ್ಮಂದಿರು ನಿಶ್ಚೇಷ್ಟಿತರಾಗಿ ಬಿದ್ದಿದ್ದಾರೆ. ನೀರಡಿಕೆಯಿಂದ ಬಳಲಿ ಬಂದ ಧರ್ಮರಾಜನ ಮುಂದೆ ಯಕ್ಷನು ಒಂದರ ಮೇಲೊಂದರಂತೆ ಪ್ರಶ್ನೆಗಳನ್ನಿಡುತ್ತಾನೆ. ಅವುಗಳಲ್ಲಿ ಒಂದು, ಲೋಕದಲ್ಲಿ ಸಂತೋಷದಿಂದಿರುವವನು ಯಾರೆಂಬುದು. ರಾಜಸೂಯವನ್ನು ಮಾಡಿದ ಆ ಮಹಾರಾಜನು ಉತ್ತರದಲ್ಲಿ ಸಿಂಹಾಸನದ ಹೆಸರನ್ನೇ ಎತ್ತುವುದಿಲ್ಲ. ಐದಾರು ದಿನಗಳಿಗೊಮ್ಮೆಯಾದರೂ ಚಿಂತೆಯಿಲ್ಲ, ಸ್ವಂತ ಮನೆಯಲ್ಲಿ ಒಂದಿಷ್ಟು ಸೊಪ್ಪು ಬೇಯಿಸಿಕೊಳ್ಳುವವನು, ಯಾರಿಗೂ ಸಾಲಗಾರನಲ್ಲದವನು, ಮನೆಬಿಟ್ಟು ಪರಸ್ಥಳದಲ್ಲಿರಬೇಕಾಗಿಲ್ಲದವನು, ಅವನೇ ಸುಖಿ ಎಂಬರ್ಥದ ಉತ್ತರವನ್ನು ಕೊಡುತ್ತಾನೆ.

ಊರಿನಲ್ಲಿದ್ದಾಗ ಈ ಮಾತನ್ನು ನಾವು ಪುರಾಣಶ್ರವಣದಲ್ಲಿ ಎಷ್ಟೋ ಬಾರಿ ಕೇಳಿ ತಲೆದೂಗಿದ್ದುಂಟು. ಬೊರಿವಲಿಗೆ ಬಂದ ಮೇಲೆ ಕೇಳಿದಾಗ ಮಾತ್ರ ಅದು ಬೇರೆಯಾಗಿ ಕೇಳಿಸಿತು. ಸ್ವಂತ ಮನೆ, ಸಾಲವಿಲ್ಲದಿರುವಿಕೆ, ಪ್ರವಾಸವಿಲ್ಲದಿರುವಿಕೆ, ಈ ಮೂರರಲ್ಲಿ ಒಂದೂ ನಮ್ಮ ಬಳಿ ಇರಲಿಲ್ಲ. ಸೊಪ್ಪು ಮಾತ್ರ ಇತ್ತು. ಅದನ್ನು ಬೇಯಿಸುತ್ತಿದ್ದ ಒಲೆ ಇದ್ದದ್ದು ಬಾಡಿಗೆಯ ಕೋಣೆಯಲ್ಲಿ.

ಉಡುಪಿ, ಕುಂದಾಪುರದ ಕಡೆಯಿಂದಲೂ ಧಾರವಾಡ, ವಿಜಯಪುರ, ರಾಯಚೂರುಗಳಿಂದಲೂ ಮುಂಬಯಿಗೆ ಬಂದ ನಮ್ಮ ಸಮಾಜದ ಕುಟುಂಬಗಳ ಇತಿಹಾಸವೆಂದರೆ ರೈಲ್ವೆ ಹಳಿಯ ಗುಂಟ ಉತ್ತರಕ್ಕೆ ಸರಿಯುತ್ತ ಬಂದ ಇತಿಹಾಸವೇ. ಹಿರಿಯರು ಕೋಟೆಯ ಹೋಟೆಲುಗಳಲ್ಲಿ ದುಡಿದರು, ಮಾಟುಂಗದಲ್ಲಿ ನೆಲೆಸಿದರು. ಬಾಡಿಗೆ ಏರಿದಂತೆ ಮಕ್ಕಳು ಅಂಧೇರಿಗೆ, ಮಲಾಡಿಗೆ, ಕಾಂದಿವಲಿಗೆ, ಬೊರಿವಲಿಗೆ ಬಂದರು. ಮೊಮ್ಮಕ್ಕಳು ಈಗ ದಹಿಸರವನ್ನೂ ದಾಟಿ ಮೀರಾ ರೋಡ್, ವಸಯಿ, ವಿರಾರಗಳಲ್ಲಿದ್ದಾರೆ. ಬಾಡಿಗೆಯ ಕರಾರು ಹನ್ನೊಂದು ತಿಂಗಳದು. ಹನ್ನೆರಡನೆಯ ತಿಂಗಳಿಗೆ ಹೊಸ ಕರಾರು, ಹೆಚ್ಚಿದ ಬಾಡಿಗೆ, ಇಲ್ಲವೇ ಹೊಸ ಕೋಣೆ, ದಳ್ಳಾಳಿಗೆ ಒಂದು ತಿಂಗಳ ಬಾಡಿಗೆ, ಟೆಂಪೋದವನಿಗೆ ಕೂಲಿ. ದೇವರ ಪೆಟ್ಟಿಗೆಯನ್ನು ಮೊದಲು ಒಳಗಿಟ್ಟು ಹಾಲುಕ್ಕಿಸುವ ಶಾಸ್ತ್ರವನ್ನು ನಾವು ಒಂಬತ್ತು ಬಾರಿ ಮಾಡಿದ್ದೇವೆ. ಗೃಹಪ್ರವೇಶದ ಮಂತ್ರಗಳು ಇಷ್ಟು ಬಾಯಿಪಾಠವಾದದ್ದು ಪುರೋಹಿತರನ್ನು ಬಿಟ್ಟರೆ ನಮಗೇ ಇರಬೇಕು.

ಪ್ರಕೃತ ವಿಷಯಕ್ಕೆ ಬರೋಣ. ಮದ್ಯಪಾನವಿಲ್ಲ, ಜೂಜಿಲ್ಲ, ಹೊರಗಿನ ಊಟವೂ ಇಲ್ಲ. ಹೀಗಿರುವ ನಮ್ಮ ಮನೆಗಳಲ್ಲಿ ಸಾಲ ಹುಟ್ಟುವುದೆಲ್ಲಿ? ಆಸ್ಪತ್ರೆ, ಮಕ್ಕಳ ವಿದ್ಯಾಭ್ಯಾಸ, ಕೆಲಸ ಹೋದ ತಿಂಗಳುಗಳು, ಇಂತಹ ಅನಿವಾರ್ಯ ಸಾಲಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅವುಗಳಿಗಾಗಿ ಯಾರನ್ನೂ ದೂಷಿಸುವುದು ಸಲ್ಲದು. ನಾವು ಹೇಳಹೊರಟಿರುವುದು ಮನಸ್ಸಿನ ಭಾರವನ್ನು ಇಳಿಸಿಕೊಳ್ಳುವುದಕ್ಕಾಗಿ ಮಾಡುವ ವೆಚ್ಚವನ್ನು ಕುರಿತು. ಅದನ್ನು ದುಂದುಗಾರಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ದುಂದುಗಾರನಿಗೆ ತಾನು ದುಂದು ಮಾಡುತ್ತಿದ್ದೇನೆಂಬ ಅರಿವಾದರೂ ಇರುತ್ತದೆ. ಇಲ್ಲಿ ಖರ್ಚು ಮಾಡುವವನು ತಾನು ಕರ್ತವ್ಯವನ್ನೇ ಮಾಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ.

ನಮ್ಮ ಅನುಭವವನ್ನೇ ಹೇಳುವುದು ಲೇಸು, ಪರರ ಮನೆಯ ಲೆಕ್ಕವನ್ನು ಬರೆಯುವ ಅಧಿಕಾರ ನಮಗಿಲ್ಲ. ೧೯೯೧ರಲ್ಲಿ ನಾವು ಮುಂಬಯಿಗೆ ಬಂದಾಗ ಕೊಂಕಣ ರೈಲ್ವೆ ಇನ್ನೂ ಆಗಿರಲಿಲ್ಲ. ೧೯೯೮ರಲ್ಲಿ ಅದು ಪೂರ್ತಿಯಾಗುವ ತನಕ ಊರಿಗೆಂದರೆ ಘಟ್ಟಗಳ ತಿರುವಿನಲ್ಲಿ ಹಗಲೂ ರಾತ್ರಿಯೂ ಬಸ್ಸಿನ ಪ್ರಯಾಣ. ವರ್ಷಕ್ಕೊಮ್ಮೆ ಮಾತ್ರ ಹೋಗಲಾಗುತ್ತಿತ್ತು. ಮಿಕ್ಕ ಹನ್ನೊಂದು ತಿಂಗಳು ಹೋಗಲಾರದ ಸಂಕಟವೆಲ್ಲ ಹೊರಡುವ ಮುಂಚಿನ ವಾರ ಬೊರಿವಲಿಯ ಪೇಟೆಯಲ್ಲಿ ಹೊರಬೀಳುತ್ತಿತ್ತು. ಅಮ್ಮನಿಗೆ ಸೀರೆ, ಅಕ್ಕಂದಿರಿಗೆ ಸೀರೆ, ಚಿಕ್ಕಮ್ಮನಿಗೆ ಬೇಡವೇ? ಅಣ್ಣನ ಮಕ್ಕಳಿಗೆ ಗಡಿಯಾರ. ಒಂದು ವರ್ಷ ಮಿಕ್ಸಿ, ಇನ್ನೊಂದು ವರ್ಷ ಸ್ಟೀಲಿನ ದೊಡ್ಡ ಕುಕ್ಕರ್, ಮತ್ತೊಂದು ವರ್ಷ ಗ್ರೈಂಡರ್. ಮೊದಮೊದಲು ಸಂಬಳದಲ್ಲಿ ಆಗುತ್ತಿದ್ದದ್ದು ಆಮೇಲೆ ಬೋನಸ್ಸಿನಲ್ಲಿ ಆಗತೊಡಗಿತು, ಅನಂತರ ಕೈಗಡದಲ್ಲಿ, ಕೊನೆಗೆ ಕ್ರೆಡಿಟ್ ಕಾರ್ಡಿನಲ್ಲಿ. ‘ಮುಂಬಯಿಯವರು ಬಂದರು’ ಎಂದು ಅಂಗಳದಲ್ಲಿ ಕೂಗು ಎದ್ದಾಗ ಬರಿಗೈಯಲ್ಲಿ ನಿಲ್ಲುವ ಧೈರ್ಯ ನಮಗಿರಲಿಲ್ಲ.

೨೦೦೯ರಲ್ಲಿ ಮಗನ ಉಪನಯನವಾಯಿತು. ಮಠದಲ್ಲಿ ಸಾಮೂಹಿಕವಾಗಿ ಮಾಡಿಸಬಹುದಿತ್ತು. ಮಂತ್ರದ ಫಲ ಊಟದೆಲೆಗಳ ಸಂಖ್ಯೆಯನ್ನು ಅವಲಂಬಿಸಿಲ್ಲವೆಂಬುದು ನಮಗೆ ತಿಳಿಯದ ವಿಷಯವಲ್ಲ. ಆದರೂ ಊರಿನ ಸಭಾಭವನದಲ್ಲಿ ನಾನೂರು ಎಲೆ ಹಾಕಿಸಿದೆವು. ಇಷ್ಟು ವರ್ಷ ದೂರ ಉಳಿದವರು ಒಂದು ದಿನವಾದರೂ ಎಲ್ಲರ ನಡುವೆ ನಿಲ್ಲಬೇಕೆಂಬ ಆಸೆಗೆ ಒಂದೂವರೆ ಲಕ್ಷ ರೂಪಾಯಿ ಸಾಲವಾಯಿತು. ಎರಡು ಕಾರ್ಡುಗಳ ಬಾಕಿ, ಬ್ಯಾಂಕಿನ ಸಾಲ, ಸ್ನೇಹಿತರ ಕೈಗಡ ಸೇರಿ ೨೦೧೧ರ ಹೊತ್ತಿಗೆ ಒಟ್ಟು ಮೂರು ಲಕ್ಷ ಎಂಬತ್ತು ಸಾವಿರ.

ಅಮ್ಮ ಪ್ರತಿ ಸಲವೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಅಲ್ಲಿ ನಿಮ್ಮದೇ ಅಂತ ಒಂದು ಮನೆ ಯಾವಾಗ ಮಾಡ್ತೀಯ ಮಗಾ? ಒಂದು ತಿಂಗಳು ಬಂದು ಇರ್ತಿದ್ದೆ.” ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ. ಮಡಿಯಲ್ಲಿರುವ ವೃದ್ಧೆಯನ್ನು ಅಲ್ಲಿ ಕರೆತಂದು ಇರಿಸಿಕೊಳ್ಳುವುದು ಹೇಗೆ? “ಮುಂದಿನ ವರ್ಷ ನೋಡೋಣಮ್ಮಾ” ಎಂದು ಹೇಳಿ ಬರುತ್ತಿದ್ದೆವು. ೨೦೧೨ರಲ್ಲಿ ಅವರು ಹರಿಪಾದವನ್ನು ಸೇರಿದರು. ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮೇಲೆ ಅಕ್ಕ ಅವರ ಮರದ ಪೆಟ್ಟಿಗೆಯನ್ನು ತೆರೆದಳು. ಸೀರೆಗಳು ಅಂಗಡಿಯ ಮಡಿಕೆಯಲ್ಲೇ ಇದ್ದವು, ಕೆಲವುಗಳಲ್ಲಿ ಬೊರಿವಲಿಯ ಬೆಲೆಚೀಟಿ ಸಹ. ಮಡಿಗೆ ಬಾರದ ನೂಲಿನವು, ಅವರು ಉಡುವಂತೆಯೇ ಇರಲಿಲ್ಲ. ಗ್ರೈಂಡರನ್ನು ಅಟ್ಟದ ಮೇಲಿಟ್ಟು ಬಟ್ಟೆ ಹೊದಿಸಿದ್ದರು. ಕುಕ್ಕರ್ ಪೆಟ್ಟಿಗೆಯಿಂದ ಹೊರಗೆ ಬಂದೇ ಇರಲಿಲ್ಲ. ಒಂದೊಂದರ ಬೆಲೆಯೂ ನಮಗೆ ನೆನಪಿತ್ತು, ಏಕೆಂದರೆ ಕೆಲವುಗಳ ಬಡ್ಡಿಯನ್ನು ನಾವು ಆಗಲೂ ಕಟ್ಟುತ್ತಿದ್ದೆವು. ಅವರು ಕೇಳಿದ್ದು ಬಂದಿರಲು ಒಂದು ಕೋಣೆಯನ್ನು. ಆ ಕೋಣೆಗಾಗಿ ಕೂಡಿಡಬೇಕಾಗಿದ್ದ ಹಣ ಆ ಪೆಟ್ಟಿಗೆಯಲ್ಲಿಯೂ ಅಟ್ಟದ ಮೇಲೆಯೂ ಕುಳಿತಿತ್ತು.

ಇಲ್ಲೊಂದು ಧರ್ಮಜಿಜ್ಞಾಸೆ ಏಳುತ್ತದೆ. ಪ್ರೀತಿಯಿಂದ ಕೊಟ್ಟದ್ದು ಹೇಗೆ ತಪ್ಪಾದೀತು? ತಾಯಿಗೆ ಕೊಟ್ಟ ಸೀರೆ, ಬಂಧುಗಳಿಗೆ ಹಾಕಿದ ಊಟ, ಇವು ಗೃಹಸ್ಥನ ಧರ್ಮವಲ್ಲವೇ? ಈ ಪ್ರಶ್ನೆಯನ್ನು ನಾವು ಬಹಳ ಕಾಲ ಮನಸ್ಸಿನಲ್ಲಿಟ್ಟುಕೊಂಡೆವು. ದಾನಕ್ಕೆ ಶಾಸ್ತ್ರಕಾರರು ದೇಶ, ಕಾಲ, ಪಾತ್ರಗಳನ್ನು ಹೇಳುತ್ತಾರೆ. ಆದರೆ ಅವೆಲ್ಲಕ್ಕೂ ಮೊದಲು ಕೊಡುವ ವಸ್ತು ಕೊಡುವವನದ್ದಾಗಿರಬೇಕು. ಸಾಲದಿಂದ ತಂದ ವಸ್ತು ಅಂಗಡಿಯವನಿಗೆ ಸಂದಾಯವಾಗಿರಬಹುದು, ಅದರ ಬೆಲೆ ಇನ್ನೂ ಬೇರೊಬ್ಬನದು. ಪರಂಪರೆಯ ಕಥೆಯಲ್ಲಿ ಶ್ರೀನಿವಾಸ ನಾಯಕರನ್ನು ಪುರಂದರದಾಸರನ್ನಾಗಿಸಿದ ಮೂಗುತಿಯನ್ನು ನೆನೆಯಬೇಕು. ಮಗನ ಉಪನಯನಕ್ಕೆಂದು ಬೇಡಿ ಬಂದ ಬ್ರಾಹ್ಮಣನಿಗೆ ಆ ಸಾಧ್ವಿ ಕೊಟ್ಟದ್ದು ಗಂಡನ ಅಂಗಡಿಯ ಒತ್ತೆಯ ಒಡವೆಯನ್ನಲ್ಲ, ಪಕ್ಕದ ಮನೆಯಿಂದ ಕಡ ತಂದದ್ದನ್ನೂ ಅಲ್ಲ. ತವರಿನಿಂದ ಬಂದ, ತನ್ನದೇ ಆದ ಮೂಗುತಿಯನ್ನು. ಆಕೆಯ ಕೊಡುಗೆಗೆ ಅಷ್ಟು ಬಲ ಬಂದದ್ದು ಅದರಿಂದಲೇ ಎಂದು ನಮಗನ್ನಿಸುತ್ತದೆ.

ಇನ್ನು, ನಾವು ಕೊಟ್ಟದ್ದು ಪ್ರೀತಿಯಿಂದಲೇ ಹೌದೋ? ಆತ್ಮಸಾಕ್ಷಿಯಾಗಿ ನೋಡಿದರೆ ಅಮ್ಮನಿಗೆ ಏನು ಬೇಕೆಂದು ನಾವು ಒಮ್ಮೆಯೂ ವಿಚಾರಿಸಿರಲಿಲ್ಲ. ವಿಚಾರಿಸಬೇಕಾಗಿಯೂ ಇರಲಿಲ್ಲ, ಅವರು ಪ್ರತಿವರ್ಷವೂ ಬಾಯಿಬಿಟ್ಟು ಹೇಳುತ್ತಿದ್ದರು. ಕೊಳ್ಳುವಾಗ ಹಗುರಾಗುತ್ತಿದ್ದದ್ದು ನಮ್ಮ ಮನಸ್ಸು. ಊರನ್ನು ಬಿಟ್ಟು ಬಂದ ಅಪರಾಧಭಾವಕ್ಕೆ ನಾವು ಕಂತುಕಂತಾಗಿ ದಂಡ ತೆರುತ್ತಿದ್ದೆವು, ಅದನ್ನು ಉಡುಗೊರೆಯೆಂದು ಕರೆಯುತ್ತಿದ್ದೆವು. ನಮ್ಮಲ್ಲಿ ಇದು ಊರ ಕಡೆಗಿನ ದಂಡವಾಯಿತು. ಇನ್ನು ಕೆಲವು ಮನೆಗಳಲ್ಲಿ ಮಕ್ಕಳ ಕಡೆಗೆ: ಹಗಲೆಲ್ಲ ಮನೆಯಲ್ಲಿಲ್ಲದ ತಂದೆತಾಯಿಗಳು ಭಾನುವಾರ ಮಾಲ್‌ಗೆ ಕರೆದೊಯ್ಯುತ್ತಾರೆ. ಚರ್ಚ್‌ಗೇಟಿನಿಂದ ನಿಂತುಕೊಂಡೇ ಬಂದು ದಣಿದವನು ರಾತ್ರಿ ಫೋನಿನಲ್ಲಿ ಏನನ್ನೋ ತರಿಸಿಕೊಳ್ಳುತ್ತಾನೆ. ಪೊಟ್ಟಣ ಬರುವ ಹೊತ್ತಿಗೆ ಏಕೆ ತರಿಸಿದೆನೆಂಬುದು ಅವನಿಗೇ ಮರೆತಿರುತ್ತದೆ.

ಕಾರ್ಡಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಉಚಿತ, ಏಕೆಂದರೆ ವಿದ್ಯಾವಂತರೂ ಇದನ್ನು ಮಾಡಿ ನೋಡುವುದಿಲ್ಲ. ಐವತ್ತು ಸಾವಿರ ಬಾಕಿಯಿದ್ದು ತಿಂಗಳಿಗೆ ಶೇಕಡಾ ೩.೫ರಂತೆ ಬಡ್ಡಿಯಾದರೆ ೧,೭೫೦ ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ ೧೮ರ ಜಿ.ಎಸ್.ಟಿ. ೩೧೫. ಬಾಕಿಯ ಶೇಕಡಾ ೫ರಷ್ಟು, ಅಂದರೆ ೨,೫೦೦ ರೂಪಾಯಿ ಕಟ್ಟಿ ನಿಶ್ಚಿಂತನಾದೆನೆಂದು ತಿಳಿದವನ ಅಸಲಿನಲ್ಲಿ ಕರಗಿದ್ದು ೪೩೫ ಮಾತ್ರ. ಅದೇ ತಿಂಗಳು ಅವನು ಮಗುವಿನ ಹುಟ್ಟುಹಬ್ಬಕ್ಕೆಂದು ಐನೂರು ರೂಪಾಯಿ ಹೆಚ್ಚು ಉಜ್ಜಿದ್ದರೆ ತಿಂಗಳ ಕಟ್ಟುವಿಕೆಯೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಸಾಲದ ಮಾತು ಬಂದಾಗ ನಮ್ಮವರಲ್ಲಿ ಒಂದು ವಿನೋದ ತಪ್ಪದೆ ಬರುತ್ತದೆ: “ತಿರುಪತಿ ತಿಮ್ಮಪ್ಪನೇ ಮದುವೆಗೆ ಕುಬೇರನ ಹತ್ತಿರ ಸಾಲ ಮಾಡಿದ, ನಮ್ಮದೇನು ಬಿಡಿ!” ಶ್ರೀನಿವಾಸ ಕಲ್ಯಾಣದ ಕಥೆಯನ್ನು ಮನೆಮನೆಯಲ್ಲಿ ಪಾರಾಯಣ ಮಾಡುವವರೇ ಈ ಮಾತನ್ನಾಡುವುದು ಸೋಜಿಗ. ವಕ್ಷಸ್ಥಳದಲ್ಲಿ ಲಕ್ಷ್ಮಿಯನ್ನು ಧರಿಸಿದವನಿಗೆ ಸಾಲವೆಂಬುದು ಲೀಲೆ. ಭಕ್ತರ ಕಾಣಿಕೆಯನ್ನು ಸ್ವೀಕರಿಸಲು ಅವನೇ ಹೂಡಿದ ನೆಪ. ಲೀಲೆಯಲ್ಲಿಯೂ ಅವನು ಪತ್ರ ಬರೆದುಕೊಟ್ಟ, ಬ್ರಹ್ಮ, ರುದ್ರ, ಅಶ್ವತ್ಥವೃಕ್ಷಗಳನ್ನು ಸಾಕ್ಷಿಗೆ ನಿಲ್ಲಿಸಿದ, ಬಡ್ಡಿಗೆ ಕಲಿಯುಗದ ಕೊನೆಯವರೆಗೆ ಹೊಣೆಯಾದ. ಅವನ ಹುಂಡಿಗೆ ಕಾಣಿಕೆ ಹಾಕಲು ದೇಶವೇ ಸಾಲುಗಟ್ಟಿ ನಿಲ್ಲುತ್ತದೆ. ನಮ್ಮ ಹುಂಡಿಗೆ ಹಾಕುವವರು ತಿಂಗಳ ಮೊದಲ ತಾರೀಖಿಗೆ ಒಬ್ಬರೇ.

ನಮ್ಮ ಮನೆಯಲ್ಲಿ ತಿರುವು ಬಂದದ್ದು ಯಾವ ಉಪದೇಶದಿಂದಲೂ ಅಲ್ಲ. ಊರಿನಿಂದ ಮರಳಿದ ಮೇಲೆ ಗೃಹಿಣಿ ಒಂದು ನಿಯಮವನ್ನು ಮುಂದಿಟ್ಟಳು. ಐನೂರು ರೂಪಾಯಿಗಿಂತ ಹೆಚ್ಚಿನ, ಊಟ ಔಷಧ ಶಾಲೆಗಳಿಗೆ ಸೇರದ ಯಾವ ಖರೀದಿಯನ್ನೂ ಅಂದೇ ಮಾಡಕೂಡದು. ಪಂಚಾಂಗದ ಹಿಂಪುಟದಲ್ಲಿ ಬರೆದಿಡಬೇಕು, ಮುಂದಿನ ಏಕಾದಶಿ ಕಳೆದು ಪಾರಣೆಯಾದ ಮೇಲೆ ತೆಗೆದು ನೋಡಬೇಕು. ಆಗಲೂ ಬೇಕೆನಿಸಿದರೆ, ಕೈಯಲ್ಲಿ ನಗದು ಇದ್ದರೆ, ಕೊಳ್ಳಬಹುದು. ಏಕಾದಶಿ ದೂರವೆಂದರೂ ಹದಿನೈದು ದಿನ. ಹೊಟ್ಟೆಗೆ ಉಪವಾಸವನ್ನು ಬಾಲ್ಯದಿಂದ ಅಭ್ಯಾಸ ಮಾಡಿಸಿಕೊಂಡವರು ಕೈಚೀಲಕ್ಕೆ ಅದನ್ನು ಮಾಡಿಸಲಾರೆವೇ ಎಂಬುದು ಆಕೆಯ ವಾದ. ಮೊದಲನೆಯ ವರ್ಷ ಬರೆದಿಟ್ಟ ನಲವತ್ತೊಂದು ಬಯಕೆಗಳಲ್ಲಿ ದ್ವಾದಶಿಯನ್ನು ದಾಟಿ ಉಳಿದವು ಆರು. ಉಳಿದವನ್ನು ಓದಿ ನಾವೇ ನಕ್ಕೆವು. ಮಗನು ಮಾತ್ರ ತನ್ನ ಕ್ರಿಕೆಟ್ ಬ್ಯಾಟನ್ನು ಸತತವಾಗಿ ಮೂರು ಏಕಾದಶಿ ಬರೆದು ಗೆದ್ದುಕೊಂಡ.

ಅತಿ ಹೆಚ್ಚು ಬಡ್ಡಿಯ ಕಾರ್ಡನ್ನು ಮೊದಲು ತೀರಿಸಿದೆವು. ಕೈಗಡ ಕೊಟ್ಟ ಸ್ನೇಹಿತರಲ್ಲಿಗೆ ಹೋಗಿ ಇಂತಿಷ್ಟು ತಿಂಗಳಲ್ಲಿ ಇಷ್ಟಿಷ್ಟಾಗಿ ಕೊಡುತ್ತೇವೆಂದು ಬಾಯಿಬಿಟ್ಟು ಹೇಳಿದೆವು. ಹೇಳುವ ತನಕ ಅವರ ಬೀದಿಯನ್ನೇ ತಪ್ಪಿಸಿ ನಡೆಯುತ್ತಿದ್ದೆವು. ಊರಿಗೆ ಹೋಗುವಾಗ ಬಾಳೆಹಣ್ಣು, ಹೂವು, ಒಂದು ಡಬ್ಬಿ ಪೇಡ. ಮೊದಲ ಸಲ ಅಂಗಳದಲ್ಲಿ ಕಾಲಿಡುವಾಗ ಎದೆ ಬಡಿದುಕೊಂಡಿತು. ಯಾರೂ ಏನೂ ಅನ್ನಲಿಲ್ಲ. ಚಿಕ್ಕಮ್ಮ ಮಾತ್ರ, “ಈ ಸಲ ಮಾರಾಯ, ಕೂತು ಮಾತಾಡುವುದಕ್ಕೆ ಸಮಯ ಸಿಕ್ಕಿತು, ಪೆಟ್ಟಿಗೆ ಬಿಚ್ಚುವುದರಲ್ಲೇ ಹೋಗಲಿಲ್ಲ” ಎಂದರು. ೨೦೧೬ರ ದೀಪಾವಳಿಯ ಹೊತ್ತಿಗೆ ಕೊನೆಯ ಕಂತು ಸಂದಿತು.

ಇದೇನೂ ನಮ್ಮ ತಲೆಮಾರಿನ ಹೊಸ ಸಂಕಟವಲ್ಲ. ನಮಗಿಂತ ಮುಂಚೆ ಕೆನರಾ ಕರಾವಳಿಯಿಂದ ಈ ನಗರಕ್ಕೆ ಬಂದ ಚಿತ್ರಾಪುರ ಸಾರಸ್ವತರಲ್ಲಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ಇದನ್ನು ಕಂಡುಂಡವರು. ಸಣ್ಣ ಸಂಬಳದ ಗುಮಾಸ್ತರಿಗೆ ಆಸರೆಯಾಗಲೆಂದು ೧೯೦೬ರಲ್ಲಿ ಅವರು ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಒಂಬತ್ತು ವರ್ಷಗಳ ಅನಂತರ, ೧೯೧೫ರಲ್ಲಿ, ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ಭಾರತದ ಮೊದಮೊದಲ ಸಹಕಾರಿ ಗೃಹ ಸಂಘಗಳಲ್ಲಿ ಅದು ಒಂದು. ಸಂಪ್ರದಾಯದಲ್ಲಿ ಅವರು ನಮ್ಮವರಲ್ಲದಿರಬಹುದು, ಕಷ್ಟದಲ್ಲಿ ನಮ್ಮವರೇ. ಅವರು ಹಿಡಿದ ಕ್ರಮವನ್ನು ಗಮನಿಸಬೇಕು: ಮೊದಲು ಪತ್ತಿನ ಸಂಘ, ಆಮೇಲೆ ಮನೆ. ಇನ್ನು ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ಒಯ್ಯುವವನು. ಎರಡಾಣೆಯನ್ನು ಒಯ್ಯಲು ಒಬ್ಬ ಮನುಷ್ಯನನ್ನು ಕಳಿಸುವುದು ಹುಚ್ಚೆಂದು ಕಾಣಬಹುದು. ಅದರ ಮರ್ಮ ಬೇರೆ. ಸಂಜೆಯೊಳಗೆ ಮನಸ್ಸು ಬೇರೊಂದು ದಾರಿ ಹಿಡಿಯುವ ಮೊದಲೇ ಹಣ ಕೈದಾಟಿರುತ್ತಿತ್ತು. ಇಂದು ಫೋನಿನ ಮೂಲಕ ಮನೆಬಾಗಿಲಿಗೆ ಬರುವವರೆಲ್ಲ ಹಣ ಒಯ್ಯುವವರೇ, ಆದರೆ ಅವರಲ್ಲಿ ನಮ್ಮ ಹೆಸರಿನಲ್ಲಿ ಜಮೆ ಮಾಡುವವರು ಇಲ್ಲ.

ಹಾಗೆಂದು ಸಂಭ್ರಮವೇ ಬೇಡವೆಂದು ಹೇಳುವ ಕೃಪಣಪಕ್ಷ ನಮ್ಮದಲ್ಲ. ಉಡುಪಿಯ ಪರ್ಯಾಯಕ್ಕಿಂತ ದೊಡ್ಡ ಸಂಭ್ರಮ ಯಾವುದಿದೆ? ಎರಡು ವರ್ಷಗಳ ಕಾಲ ಬಂದವರಿಗೆಲ್ಲ ಅನ್ನ. ಆದರೆ ಪರ್ಯಾಯದ ಪೀಠವನ್ನೇರುವ ಮಠವು ಬಹಳ ಮುಂಚೆಯೇ ಬಾಳೆ ಮುಹೂರ್ತವನ್ನು ಮಾಡಿ ಬಾಳೆಯ ಗಿಡ ನೆಡುತ್ತದೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಮಧ್ವಸರೋವರದ ಬಳಿ ರಥದಾಕಾರದಲ್ಲಿ ಒಟ್ಟಿದ ಕಟ್ಟಿಗೆಯನ್ನು ನೋಡಿ ನಾವು ಫೋಟೋ ತೆಗೆದುಕೊಂಡು ಬರುತ್ತೇವೆ. ಎಲೆ ಹಾಕುವ ಮೊದಲು ಬಾಳೆ ನೆಡುವ ಆ ಕ್ರಮವನ್ನು ನಮ್ಮ ಮನೆಯ ಉಪನಯನಕ್ಕೆ ತರುವುದಿಲ್ಲ. ಮಗು ಹುಟ್ಟಿದ ವರ್ಷವೇ ಬಾಳೆ ಮುಹೂರ್ತ ಮಾಡಿದ್ದರೆ, ಅಂದರೆ ತಿಂಗಳಿಗೆ ಸಾವಿರ ರೂಪಾಯಿ ಬೇರೆಯಿಟ್ಟಿದ್ದರೆ, ಎಂಟು ವರ್ಷಕ್ಕೆ ಬಡ್ಡಿಯನ್ನು ಬಿಟ್ಟೇ ತೊಂಬತ್ತಾರು ಸಾವಿರವಾಗುತ್ತಿತ್ತು. ಅಷ್ಟರಲ್ಲಿ ಎಷ್ಟು ಎಲೆಯಾಗುತ್ತದೋ ಅಷ್ಟು ಹಾಕಿಸಬಹುದಿತ್ತು.

ಧರ್ಮರಾಜನ ಉತ್ತರಕ್ಕೆ ಮರಳಬೇಕು. ಆ ಮಾತನ್ನಾಡಿದವನ ಸ್ಥಿತಿಯನ್ನು ನಾವು ಬಹುಕಾಲ ಗಮನಿಸಿಯೇ ಇರಲಿಲ್ಲ. ಸ್ವಂತ ಮನೆಯಲ್ಲಿ ಬೆಂದ ಸೊಪ್ಪನ್ನು ಹೊಗಳಿದವನು ಮನೆಯನ್ನು ಜೂಜಿನಲ್ಲಿ ಕಳೆದುಕೊಂಡು ಕಾಡಿನಲ್ಲಿ ಹನ್ನೆರಡು ವರ್ಷ ಸವೆಸಿದವನು. ಅವನು ದುಷ್ಟನಲ್ಲ, ಲೋಭಿಯಲ್ಲ. ಆದರೂ ಒಂದು ಸೋಲಿನ ನೋವನ್ನು ಮರೆಯಲು ಇನ್ನೊಂದು ಪಣ, ಅದರ ನೋವಿಗೆ ಮತ್ತೊಂದು. ಹೀಗೆ ಸಂಪತ್ತು ಹೋಯಿತು, ರಾಜ್ಯ ಹೋಯಿತು. ತಮ್ಮಂದಿರನ್ನು ಒಡ್ಡುವ ಹೊತ್ತು ಬಂದಾಗ ಮೊದಲು ಒಡ್ಡಿದ್ದು ನಕುಲನನ್ನು, ಆಮೇಲೆ ಸಹದೇವನನ್ನು. ಮಾದ್ರಿಯ ಮಕ್ಕಳನ್ನು ಮೊದಲು ಕಳೆದೆ, ಭೀಮಾರ್ಜುನರು ನಿನಗೆ ಹೆಚ್ಚಿನವರೆಂದು ತೋರುತ್ತದೆ ಎಂದು ಶಕುನಿ ಅಲ್ಲಿಯೇ ಚುಚ್ಚಿದ್ದುಂಟು.

ಸರೋವರದ ದಡದಲ್ಲಿ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಯಕ್ಷನು ಒಬ್ಬನನ್ನು ಬದುಕಿಸುತ್ತೇನೆ, ಯಾರನ್ನು ಬೇಕೋ ಕೇಳು ಎನ್ನುತ್ತಾನೆ. ಯುದ್ಧ ಮುಂದಿದೆ. ಪ್ರೀತಿಯೂ ಪ್ರಯೋಜನವೂ ಭೀಮನನ್ನೋ ಅರ್ಜುನನನ್ನೋ ಕೇಳೆನ್ನುತ್ತವೆ. ಅವನು ಕೇಳುವುದು ನಕುಲನನ್ನು. ಕುಂತಿಗೆ ಮಗನಾಗಿ ತಾನಿದ್ದೇನೆ, ಮಾದ್ರಿಗೂ ಒಬ್ಬನು ಇರಬೇಕೆಂಬುದು ಅವನು ಕೊಡುವ ಕಾರಣ. ಸಭೆಯಲ್ಲಿ ಮೊದಲು ಕಳೆದವನನ್ನೇ ಇಲ್ಲಿ ಮೊದಲು ಕೇಳುತ್ತಾನೆ. ಯಾರು ತನಗೆ ಪ್ರಿಯರೆಂದು ನೋಡದೆ ಯಾರಿಗೆ ತಾನು ಸಲ್ಲಿಸಬೇಕಾಗಿದೆಯೆಂದು ನೋಡುವುದನ್ನು ಅವನು ಆ ಹನ್ನೆರಡು ವರ್ಷಗಳಲ್ಲಿ ಕಲಿತನೆಂದು ನಾವು ಓದಿಕೊಳ್ಳುತ್ತೇವೆ. ವಿದ್ವಾಂಸರು ಬೇರೆ ಅರ್ಥವನ್ನು ಹೇಳಿದರೆ ಕೇಳಿಕೊಳ್ಳಲು ಸಿದ್ಧರಿದ್ದೇವೆ.

ನಾವು ೨೦೧೮ರಲ್ಲಿ ವಿರಾರದಲ್ಲಿ ಒಂದು ಸಣ್ಣ ಫ್ಲಾಟನ್ನು ನೋಂದಾಯಿಸಿದೆವು. ಬೊರಿವಲಿಯ ಬೆಲೆ ನಮ್ಮ ಅಳತೆಯದಾಗಿರಲಿಲ್ಲ. ರೈಲಿನಲ್ಲಿ ಅರ್ಧ ಗಂಟೆ ಹೆಚ್ಚು, ಅಷ್ಟೆ. ಪ್ರತಿ ಏಕಾದಶಿಗೆ ಈಗಲೂ ಬೊರಿವಲಿಗೆ ಬರುತ್ತೇವೆ. ಸಾಲವಿಲ್ಲದವನೆಂಬ ಮಾತು ನಮಗಿನ್ನೂ ಅನ್ವಯಿಸದು, ಮನೆಯ ಸಾಲದ ಕಂತುಗಳು ೨೦೩೦ರ ತನಕ ಇವೆ. ಒಳಗಿನ ಚಿಕ್ಕ ಕೋಣೆಯ ಪಕ್ಕದಲ್ಲಿಯೇ ಬಚ್ಚಲು, ನೀರು ದಿನವಿಡೀ. ಮಡಿಗೆ ಅನುಕೂಲ. ಕಳೆದ ವರ್ಷ ಚಿಕ್ಕಮ್ಮ ಬಂದು ಒಂದು ತಿಂಗಳು ಆ ಕೋಣೆಯಲ್ಲಿದ್ದರು. ಅಮ್ಮನ ಆ ಕುಕ್ಕರನ್ನು ಅಕ್ಕ ನಮ್ಮಲ್ಲಿಗೇ ಕಳಿಸಿಕೊಟ್ಟಿದ್ದಳು. ವಿರಾರದ ಪೇಟೆಯಿಂದ ಹರಿವೆ ಸೊಪ್ಪು ತಂದ ದಿನ ಚಿಕ್ಕಮ್ಮ ಅದನ್ನು ತಿರುಗಿಸಿ ನೋಡಿ, ಹೊಸದು ಹಾಗೇ ಇದೆಯಲ್ಲ ಎಂದು ಬದಿಗಿಟ್ಟು, ಸೊಪ್ಪನ್ನು ಪಾತ್ರೆಯಲ್ಲಿಯೇ ಬೇಯಿಸಿದರು.